ಕೃಷ್ಣರಾಜಪುರದಲ್ಲಿ ನಮ್ಮ ಬಿಡಾರ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ಬಿಟ್ಟು ಬೆಂಗಳೂರಿನ ಪೂರ್ವ ತುದಿಯ ಕೃಷ್ಣರಾಜಪುರಕ್ಕೆ ನಾವು ಬಿಡಾರ ಬದಲಿಸಿದ್ದು 2022ರ ಮೇ ತಿಂಗಳಿನಲ್ಲಿ. ಊರು ಬಿಡುವವರು ಸಾಮಾನ್ಯವಾಗಿ ಉದ್ಯೋಗಕ್ಕಾಗಿಯೋ, ಮಕ್ಕಳ ಉನ್ನತ ವ್ಯಾಸಂಗಕ್ಕಾಗಿಯೋ ಬಿಡುತ್ತಾರೆ. ನಾವು ಬಿಟ್ಟದ್ದು ಏಳು ವರ್ಷದ ನಮ್ಮ ಕಿರಿಯ ಮಗನಿಗೆ ‘ನೀರು ಬೇಕು’ ಎಂದು ಕೇಳುವುದನ್ನು ಕಲಿಸುವ ಶಾಲೆಯೊಂದನ್ನು ಹುಡುಕಿಕೊಂಡು. ಶರಣ ಬಂಧುಗಳ ಮನೆಗಳಲ್ಲಿ ಇಂತಹ ಮಕ್ಕಳು ಇನ್ನೂ ಹಲವರಿದ್ದಾರೆಂದು ಬಲ್ಲೆವು. ಅವರ ತಂದೆತಾಯಿಗಳು ನಮ್ಮಂತೆಯೇ ಹಲವು ದಾರಿಗಳನ್ನು ತುಳಿದು ದಣಿದಿದ್ದಾರೆಂದೂ ಬಲ್ಲೆವು. ಆದುದರಿಂದ ಈ ಊರಿನ ಕುರಿತು, ಇಲ್ಲಿ ಕಳೆದ ನಮ್ಮ ದಿನಗಳ ಕುರಿತು ಬರೆಯಲು ಸಂಕೋಚಪಡುತ್ತಿಲ್ಲ.

ಮಗನಿಗೆ ಎರಡು ವರ್ಷ ತುಂಬುವವರೆಗೆ ನಮಗೇನೂ ತಿಳಿಯಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಆದರೆ ದೂರದಲ್ಲಿ ರೈಲು ಕೂಗಿದರೆ ಬಾಗಿಲಿಗೆ ಓಡುತ್ತಿದ್ದ. ಕಿವಿ ಕೇಳುತ್ತದೆ, ನಮ್ಮ ಮಾತು ಮಾತ್ರ ಅವನಿಗೆ ಬೇಡವಾಗಿದೆಯೇ ಎಂದು ಮನಸ್ಸು ನೋಯುತ್ತಿತ್ತು. ಮೊದಲು ಕಂಡ ವೈದ್ಯರು ಗಂಡುಮಕ್ಕಳು ತಡವಾಗಿಯೇ ಮಾತನಾಡುತ್ತಾರೆಂದು ಧೈರ್ಯ ಹೇಳಿ ಕಳುಹಿಸಿದರು. ಆ ಧೈರ್ಯದ ಮಾತಿಗೆ ನಾವು ತೆತ್ತ ಬೆಲೆ ಹದಿನಾಲ್ಕು ತಿಂಗಳು. ಅನಂತರ ಹುಬ್ಬಳ್ಳಿ, ಧಾರವಾಡ, ಕೊನೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1960ರ ದಶಕದಲ್ಲಿ ಸ್ಥಾಪನೆಗೊಂಡ ಆ ಸಂಸ್ಥೆಯ ಅಂಗಳದಲ್ಲಿ ಬೀದರದಿಂದ ಚಾಮರಾಜನಗರದವರೆಗಿನ ತಾಯಂದಿರು ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದನ್ನು ಕಂಡಾಗ, ನಾವು ಒಂಟಿಯಲ್ಲವೆಂಬ ಅರಿವು ಮೊದಲ ಬಾರಿಗೆ ಮೂಡಿತು. ಅಲ್ಲಿ ಮಗುವಿನ ಸ್ಥಿತಿಗೆ ಹೆಸರು ಹೇಳಿದರು: ಆಟಿಸಂ, ಕನ್ನಡದಲ್ಲಿ ಸ್ವಲೀನತೆ.

ಈ ಸ್ಥಿತಿಯನ್ನು ಅಮೆರಿಕದಲ್ಲಿದ್ದ ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ವಿವರವಾಗಿ ದಾಖಲಿಸಿದರು. ಇದು ರೋಗವಲ್ಲ, ಅಂಟುವಂಥದ್ದಲ್ಲ. ಮಿದುಳಿನ ಬೆಳವಣಿಗೆ ಹುಟ್ಟಿನಿಂದಲೇ ಬೇರೊಂದು ರೀತಿಯಲ್ಲಿ ಸಾಗಿರುವುದು. ಔಷಧಿಯಿಂದ ಇದು ಹೋಗುವುದಿಲ್ಲ. ಶಿಕ್ಷಣದಿಂದ ಮಗುವಿನ ಬದುಕು ಹಗುರವಾಗುತ್ತದೆ, ಅದೂ ಎಷ್ಟು ಬೇಗ ಆರಂಭವಾದರೆ ಅಷ್ಟು ಒಳಿತು. ಒಂದು ಕಾಲದಲ್ಲಿ ಪಾಶ್ಚಾತ್ಯ ದೇಶಗಳ ಕೆಲ ಪಂಡಿತರು ತಾಯಿಯ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂದು ಬರೆದರು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು ಅದನ್ನು ಖಂಡಿಸಿ ಗ್ರಂಥ ಬರೆದರು. ಅವರ ಮಗನೂ ಇಂತಹ ಬಾಲಕನೇ. ಆ ಹಳೆಯ ವಾದ ವಿದ್ವಾಂಸರ ಲೋಕದಲ್ಲಿ ಸತ್ತು ಎಷ್ಟೋ ಕಾಲವಾಗಿದೆ. ನಮ್ಮ ಓಣಿಗಳಲ್ಲಿ ಮಾತ್ರ ಇನ್ನೂ ಉಸಿರಾಡುತ್ತಿದೆ. ‘ಕೂಸಿನ ಮುಂದ ಕುಂತು ಮಾತಾಡಿದ್ರ ಕಲೀತಿತ್ತು, ಟಿವಿ ಹಚ್ಚಿ ಕುಂಡ್ರಿಸಿದ್ರಿ’ ಎಂದು ಬಂಧುಗಳು ಆಡಿದ ಮಾತು ಮನೆಯ ಹೆಣ್ಣುಮಗಳ ಎದೆಯಲ್ಲಿ ಎಷ್ಟು ವರ್ಷ ಮುಳ್ಳಾಗಿ ಉಳಿಯಿತೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಮೈಸೂರಿನವರು ಮನೆಯಲ್ಲಿ ಮಾಡಬೇಕಾದ ಅಭ್ಯಾಸಗಳನ್ನು ಕಲಿಸಿದರು. ಆದರೆ ದಿನವೂ ಕುಳ್ಳಿರಿಸಿ ಕಲಿಸುವ ಶಾಲೆ ನಮ್ಮ ಸುತ್ತಿನಲ್ಲಿ ದೊರೆಯಲಿಲ್ಲ. ಸಾಮಾನ್ಯ ಶಾಲೆಯೊಂದು ಸೇರಿಸಿಕೊಂಡು ಮೂರು ತಿಂಗಳ ನಂತರ, ‘ಉಳಿದ ಮಕ್ಕಳಿಗೆ ತೊಂದರೆ’ ಎಂದು ಚೀಲದೊಂದಿಗೆ ಮಗುವನ್ನು ಮರಳಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಸೇರಿದಂತೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶೇಕಡಾ ನಲವತ್ತಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಾಗಲಿ, ತಾವು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕನ್ನು ಕೊಟ್ಟಿದೆ. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ತಿಳಿದಿದ್ದರೂ ಜಗಳವಾಡಿ ಕೂರಿಸಿದ ಮಗುವಿಗೆ ಅಲ್ಲಿ ಯಾರು ಏನನ್ನು ಕಲಿಸುತ್ತಿದ್ದರು? ಕಾಯ್ದೆ ಬಾಗಿಲು ತೆರೆಸಬಲ್ಲದು, ಒಳಗೆ ಕಲಿಸಬಲ್ಲ ಶಿಕ್ಷಕರು ಬೇಕಲ್ಲವೇ?

ಬೆಂಗಳೂರಿನಲ್ಲಿ ಅಂತಹ ಸ್ಥಳಗಳಿವೆಯೆಂದು ಕೇಳಿ ತಿಳಿದೆವು. ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ. ಇಂದಿರಾನಗರದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರ ದಶಕದಿಂದ ಸೇವೆಯಲ್ಲಿದೆ. ಮಿದುಳಿನ ಪಾರ್ಶ್ವವಾಯುವಿನ ಮಕ್ಕಳಿಗಾಗಿ ಆರಂಭವಾದ ಅದು ಮುಂದೆ ಆಟಿಸಂ ಮಕ್ಕಳನ್ನೂ ಸೇರಿಸಿಕೊಂಡಿತು. ಆಶಾ ಎಂಬ ಸಂಸ್ಥೆ 1995ರಲ್ಲಿ ಆಟಿಸಂ ಮಕ್ಕಳಿಗಾಗಿಯೇ ಹುಟ್ಟಿತು. ವಾಕ್ ತಜ್ಞೆ ಡಾ. ಪ್ರತಿಭಾ ಕಾರಂತರು 2000ದಲ್ಲಿ ಆರಂಭಿಸಿದ ಕಾಮ್ ಡೀಲ್ ಎಂಬ ಕಾರ್ಯಕ್ರಮ ಆರು ವರ್ಷದೊಳಗಿನ ಮಕ್ಕಳನ್ನು ಶಾಲೆಗೆ ಅಣಿಗೊಳಿಸುತ್ತದೆ. ನಮ್ಮ ಮಗನಿಗೆ ಆ ವಯಸ್ಸು ದಾಟಿತ್ತು. ಆರಂಭದ ಆ ಹದಿನಾಲ್ಕು ತಿಂಗಳುಗಳು ನೆನಪಾಗಿ ಆ ರಾತ್ರಿ ನಾವಿಬ್ಬರೂ ಊಟ ಮಾಡಲಿಲ್ಲ. ಕೊನೆಗೆ ಇಂದಿರಾನಗರದ ಕಡೆಯ ಒಂದು ಸಣ್ಣ ವಿಶೇಷ ಶಾಲೆಯಲ್ಲಿ ಸ್ಥಳ ದೊರೆಯಿತು. ಮಾವ ಕಟ್ಟಿದ ದಲಾಲಿ ಅಂಗಡಿಯನ್ನು ಮೈದುನನಿಗೆ ಒಪ್ಪಿಸಿ, ಕೃಷ್ಣರಾಜಪುರದ ಧಾನ್ಯ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದು ಹೊರಟೆವು. ಗಾದಿಯ ಮೇಲೆ ಕುಳಿತು ಲೆಕ್ಕ ಬರೆಸುತ್ತಿದ್ದವರು ಮತ್ತೊಬ್ಬರ ಗಾದಿಯ ಬದಿಯಲ್ಲಿ ಕುಳಿತು ಬರೆಯುವಂತಾಯಿತು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಪ್ರತಿ ಬಸವ ಜಯಂತಿಯಂದು ಕೇಳಿದವರೇ ನಾವು. ಅದನ್ನು ನಂಬಲು ಮೊದಲ ಕೆಲವು ತಿಂಗಳು ಕಷ್ಟವಾಯಿತೆಂದು ಒಪ್ಪಿಕೊಳ್ಳುತ್ತೇವೆ.

ಕೃಷ್ಣರಾಜಪುರವನ್ನೇ ಆರಿಸಿಕೊಂಡುದಕ್ಕೆ ಕೆಲಸದೊಂದಿಗೆ ಬಾಡಿಗೆಯೂ ಕಾರಣ. ಇಂದಿರಾನಗರದಲ್ಲಿ ಒಂದು ಕೋಣೆಗೆ ಕೇಳುವ ಹಣದಲ್ಲಿ ಇಲ್ಲಿ ಮನೆಯೇ ದೊರೆಯುತ್ತಿತ್ತು. ಆದರೆ ಹಣವಿದ್ದ ಮಾತ್ರಕ್ಕೆ ಮನೆ ಸಿಗುವುದಿಲ್ಲವೆಂದು ಬೇಗನೆ ಅರಿವಾಯಿತು. ಹತ್ತು ತಿಂಗಳ ಮುಂಗಡಕ್ಕೆ ಒಪ್ಪಿದ ಮನೆಯೊಡೆಯರು, ಮಗ ಕೈ ಬಡಿಯುತ್ತ ಕೂಗಿದ್ದನ್ನು ಕಂಡೊಡನೆ ‘ನಮ್ಮ ಸಂಬಂಧಿಕರು ಬರುವವರಿದ್ದಾರೆ’ ಎಂದರು. ಹೀಗೆ ನಾಲ್ಕು ಮನೆಗಳು ಕೈತಪ್ಪಿದವು. ಐದನೆಯದು ದೇವಸಂದ್ರದ ಕಡೆ, ರೈಲು ಹಳಿಗೆ ಸಮೀಪವಿದ್ದ ಹಳೆಯ ಮನೆ. ಒಡೆಯರು ಐ.ಟಿ.ಐ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮಗನನ್ನು ಮುಂದಿಟ್ಟುಕೊಂಡೇ ಎಲ್ಲವನ್ನೂ ಹೇಳಿದೆವು. ಅವರು, ‘ಈ ಮನೆಗೆ ಯಾರೂ ಬರುವುದಿಲ್ಲ ಸ್ವಾಮಿ, ರಾತ್ರಿಯೆಲ್ಲ ರೈಲಿನ ಗದ್ದಲ. ನಿಮ್ಮ ಮಗನ ಗಲಾಟೆ ಅದರ ಮುಂದೆ ಯಾವ ಲೆಕ್ಕ?’ ಎಂದು ಕೀಲಿಕೈ ಕೊಟ್ಟರು.

ಈ ಊರು ಪ್ರವಾಸಿಗರು ನೋಡಬರುವ ಸ್ಥಳವಲ್ಲ. ಹಳೇ ಮದ್ರಾಸ್ ರಸ್ತೆ ನಡುವೆ ಹಾದು ಕೋಲಾರದತ್ತ ಸಾಗುತ್ತದೆ. ಟಿನ್ ಫ್ಯಾಕ್ಟರಿ ಎಂಬ ನಿಲುಗಡೆಯಲ್ಲಿ ಬಸ್ಸು, ಲಾರಿ, ಆಟೋಗಳು ಒಂದನ್ನೊಂದು ಒತ್ತಿಕೊಂಡು ನಿಂತಿರುತ್ತವೆ. ರೈಲುಹಳಿಗಳ ಮೇಲೆ ಉಕ್ಕಿನ ತಂತಿಗಳಿಂದ ಎಳೆದು ಕಟ್ಟಿದ ಸೇತುವೆಯನ್ನು ಇಲ್ಲಿನವರು ತೂಗು ಸೇತುವೆ ಎನ್ನುತ್ತಾರೆ. ಒಂದು ಬದಿಗೆ ದೂರವಾಣಿನಗರ. 1948ರಲ್ಲಿ ಸ್ಥಾಪನೆಗೊಂಡು ಇಡೀ ದೇಶಕ್ಕೆ ದೂರವಾಣಿ ತಯಾರಿಸಿದ ಕಾರ್ಖಾನೆಯಿಂದಲೇ ಬಂದ ಹೆಸರು. ಆ ಬಡಾವಣೆಯ ಮರಗಳ ನೆರಳಿನಲ್ಲಿ ನಡೆದರೆ ಬೇರೆ ಊರಿಗೆ ಬಂದಂತಾಗುತ್ತದೆ. ವೆಂಗಯ್ಯನ ಕೆರೆಯ ದಂಡೆಯ ಮೇಲೆ ಬೆಳಗಿನ ಗಾಳಿ ಚೆನ್ನ. ವಾರದ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ನಮ್ಮ ಜೋಳವೂ ಇಲ್ಲಿ ದೊರೆಯುತ್ತದೆ, ಊರಿನ ರುಚಿ ಇಲ್ಲ, ಅಷ್ಟೇ.

ಮಗನಿಗೆ ಮಾತ್ರ ಇದು ಮೊದಲೇ ಪರಿಚಿತ ಊರಾಗಿತ್ತು. ಈ ಸಂಗತಿ ನಮಗೆ ಇಂದಿಗೂ ಸೋಜಿಗ. ಬ್ಯಾಡಗಿಯಲ್ಲಿ ಸಂಜೆ ಅವನನ್ನು ರೈಲು ನಿಲ್ದಾಣಕ್ಕೆ ಕರೆದೊಯ್ಯುವುದು ವಾಡಿಕೆ. ಅಲ್ಲಿ ಮಾತ್ರ ಅವನು ಶಾಂತನಾಗಿರುತ್ತಿದ್ದ. ಮನೆಗೆ ಬಂದು ಬಳಪದಿಂದ ಗೋಡೆಯ ಮೇಲೆ ಇಂಗ್ಲಿಷಿನ ಮೂರು ಮೂರು ಅಕ್ಷರಗಳನ್ನು ಗೀಚುತ್ತಿದ್ದ: ಯು ಬಿ ಎಲ್, ಕೆ ಜೆ ಎಂ. ಅರ್ಥವಿಲ್ಲದ ಗೀಚು ಎಂದುಕೊಂಡು ಒರೆಸಿಬಿಡುತ್ತಿದ್ದೆವು. ಇಲ್ಲಿಗೆ ಬಂದ ವಾರದಲ್ಲಿ ನಿಲ್ದಾಣದ ಬಳಿ ಅವನು ಎಂಜಿನ್ನೊಂದರ ಮೈಮೇಲಿನ ಅಕ್ಷರಗಳನ್ನು ಬೆರಳಿನಿಂದ ತೋರಿಸುತ್ತ ನಕ್ಕ. ಕೆ ಜೆ ಎಂ. ಕೃಷ್ಣರಾಜಪುರದಲ್ಲಿ ಡೀಸೆಲ್ ಎಂಜಿನ್ನುಗಳ ದೊಡ್ಡ ಷೆಡ್ ಇದೆ. ಇಲ್ಲಿನ ಎಂಜಿನ್ನುಗಳ ಮೇಲೆ ಆ ಮೂರು ಅಕ್ಷರಗಳಿರುತ್ತವೆ. ಹುಬ್ಬಳ್ಳಿ ಷೆಡ್ಡಿನ ಎಂಜಿನ್ನುಗಳ ಮೇಲೆ ಇರುವುದು ಯು ಬಿ ಎಲ್. ಯಾರೂ ಕಲಿಸದೆಯೇ ಐದನೆಯ ವಯಸ್ಸಿಗೆ ಅವನು ಓದಲು ಕಲಿತಿದ್ದ. ನಾವು ಒದ್ದೆ ಬಟ್ಟೆ ಹಿಡಿದು ಆ ಪಾಠವನ್ನು ಒರೆಸುತ್ತಿದ್ದೆವು. ಶಾಲೆಯಲ್ಲಿ ಇದನ್ನು ಹೇಳಿದಾಗ ಶಿಕ್ಷಕಿಯವರು ಅಕ್ಷರಾಭ್ಯಾಸವನ್ನು ಎಂಜಿನ್ನುಗಳಿಂದಲೇ ಆರಂಭಿಸಿದರು.

ಕಲಿಕೆಯ ಭಾಷೆಯ ಬಗ್ಗೆ ಒಂದು ಮಾತು. ಆರಂಭದಲ್ಲಿ ನಾವು ನೋಡಿದ ಒಂದು ಕೇಂದ್ರದವರು ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಬೇಕು, ಎರಡು ಭಾಷೆ ಮಗುವಿಗೆ ಗೊಂದಲ ಎಂದರು. ಅವ್ವನಿಗೆ ಇಂಗ್ಲಿಷ್ ಬಾರದು. ಹಾಗಾದರೆ ಅಜ್ಜಿ ಮೊಮ್ಮಗನೊಡನೆ ಮೂಕಳಾಗಿರಬೇಕೇ? ಮೈಸೂರಿನಲ್ಲಿ ಮನೆಯ ಭಾಷೆಯನ್ನು ಬಿಡಬೇಡಿರೆಂದು ಹೇಳಿದ್ದನ್ನು ಹಿಡಿದುಕೊಂಡೆವು. ಈಗಿನ ಶಾಲೆಯ ಶಿಕ್ಷಕಿಯವರು ಕನ್ನಡದವರೇ, ಆದರೆ ಬೆಂಗಳೂರು ಕನ್ನಡ. ಅವರ ಚಿತ್ರಪಟಗಳಲ್ಲಿ ಇಡ್ಲಿ, ದೋಸೆ, ಸೇಬು ಇದ್ದವು. ನಮ್ಮ ಮಗನಿಗೆ ಹಸಿವೆಂದರೆ ರೊಟ್ಟಿ. ಎಂಟನೆಯ ತರಗತಿಯಲ್ಲಿದ್ದ ಅವನ ಅಕ್ಕ ರಟ್ಟಿನ ಮೇಲೆ ಜೋಳದ ರೊಟ್ಟಿ, ಪುಂಡಿಪಲ್ಯ, ತಂಬಿಗೆ, ಅಜ್ಜಿಯ ಹಾಸಿಗೆ ಇವುಗಳ ಚಿತ್ರ ಬರೆದು ಕೆಳಗೆ ನಮ್ಮ ಮಾತಿನಲ್ಲಿಯೇ ಹೆಸರು ಬರೆದಳು. ಮೂರನೆಯ ತಿಂಗಳು ಮಗ ರೊಟ್ಟಿಯ ಚಿತ್ರವನ್ನು ತಂದು ಕೈಗಿಟ್ಟ. ಅಳದೆ, ಕೈ ಕಚ್ಚಿಕೊಳ್ಳದೆ ಅವನು ಕೇಳಿದ ಮೊದಲ ಊಟ ಅದು. ತಮ್ಮನಿಗಾಗಿ ಗೆಳತಿಯರನ್ನೂ ಶಾಲೆಯನ್ನೂ ಬಿಟ್ಟುಬಂದ ಆ ಹುಡುಗಿಯ ತ್ಯಾಗವನ್ನು ನೆಂಟರು ಹೊಗಳುತ್ತಾರೆ. ಅವಳಿಗೆ ಆ ಹೊಗಳಿಕೆ ಹಿಡಿಸುವುದಿಲ್ಲ. ‘ನನ್ನನ್ನ ಯಾರು ಕೇಳಿದ್ರು?’ ಎಂದು ಒಮ್ಮೆ ಅಂದಳು. ನಿಜ, ನಾವು ಕೇಳಿರಲಿಲ್ಲ.

ಶಾಲೆಗೆ ಹೋಗುವ ದಾರಿಯದೇ ಒಂದು ಕಥೆ. ಮೊದಲ ವರ್ಷ ಬಸ್ಸಿನಲ್ಲಿ ಬೈಯಪ್ಪನಹಳ್ಳಿಗೆ ಹೋಗಿ, ಅಲ್ಲಿ ಮೆಟ್ರೋ ಹತ್ತಿ ಇಂದಿರಾನಗರದಲ್ಲಿ ಇಳಿಯುತ್ತಿದ್ದೆವು. ಬಸ್ಸಿನ ನೂಕುನುಗ್ಗಲಿನಲ್ಲಿ ಮಗ ಕಿವಿ ಮುಚ್ಚಿಕೊಂಡು ಕಿರುಚುವುದು, ಜನ ‘ಮಗುವಿಗೆ ಶಿಸ್ತು ಕಲಿಸಿಲ್ಲ’ ಎನ್ನುವುದು ನಿತ್ಯದ ಪಾಡು. 2023ರ ಮಾರ್ಚಿಯಲ್ಲಿ ವೈಟ್‌ಫೀಲ್ಡಿನಿಂದ ಕೃಷ್ಣರಾಜಪುರದವರೆಗೆ ಮೆಟ್ರೋ ಬಂತು. ಅಲ್ಲಿಂದ ಬೈಯಪ್ಪನಹಳ್ಳಿಯವರೆಗಿನ ಚಿಕ್ಕ ತುಂಡು ಮಾತ್ರ ಉಳಿಯಿತು. ಅದೂ ಆ ವರ್ಷದ ಅಕ್ಟೋಬರ್ 9ರಂದು ತೆರೆಯಿತು. ಊರಿಗೆ ಊರೇ ಸಂತೋಷಪಟ್ಟಿತು, ನಾವೂ ಪಟ್ಟೆವು. ಮರುದಿನ ನೇರ ರೈಲು ಹತ್ತಿಸಿದರೆ ಮಗ ಬೈಯಪ್ಪನಹಳ್ಳಿ ಬಂದೊಡನೆ ನೆಲಕ್ಕೆ ಬಿದ್ದು ಹೊರಳಾಡಿದ. ಅವನ ಲೆಕ್ಕದಲ್ಲಿ ಪಯಣ ಅಲ್ಲಿಂದ ಆರಂಭವಾಗಬೇಕು. ಅಲ್ಲಿ ಹತ್ತಬೇಕು, ಹತ್ತಬೇಕಾದರೆ ಮೊದಲು ಇಳಿದಿರಬೇಕು. ನಮಗೆ ಸೌಕರ್ಯವಾದದ್ದು ಅವನಿಗೆ ಲೋಕವೇ ತಲೆಕೆಳಗಾದಂತೆ. ಶಿಕ್ಷಕಿಯವರ ಸಲಹೆಯಂತೆ ದಿನವೂ ಬೈಯಪ್ಪನಹಳ್ಳಿಯಲ್ಲಿ ಇಳಿದು, ಅದೇ ವೇದಿಕೆಯಲ್ಲಿ ನಿಂತು ಮುಂದಿನ ರೈಲು ಹತ್ತಿದೆವು. ನಿಲ್ದಾಣಗಳ ಹೆಸರುಗಳನ್ನು ಒಂದು ಪಟ್ಟಿಯಲ್ಲಿ ಬರೆದು, ಹಾದುಹೋದುದನ್ನು ಪೆನ್ಸಿಲಿನಿಂದ ಹೊಡೆಯುವುದನ್ನು ಕಲಿಸಿದರು: ಕೃಷ್ಣರಾಜಪುರ, ಬೆನ್ನಿಗಾನಹಳ್ಳಿ, ಬೈಯಪ್ಪನಹಳ್ಳಿ, ಸ್ವಾಮಿ ವಿವೇಕಾನಂದ ರಸ್ತೆ, ಇಂದಿರಾನಗರ. ಆರನೆಯ ವಾರದ ಒಂದು ದಿನ ಬೈಯಪ್ಪನಹಳ್ಳಿಯಲ್ಲಿ ಬಾಗಿಲು ತೆರೆದಾಗ ಅವನು ಏಳಲಿಲ್ಲ. ಪಟ್ಟಿಯಲ್ಲಿ ಗೆರೆ ಎಳೆದು ಕಿಟಕಿಯತ್ತ ತಿರುಗಿದ.

ಈಗ ಅವ್ವನ ಸಂಗತಿ. ಮಗು ಹುಟ್ಟಿದಾಗ ಪದ್ಧತಿಯಂತೆ ಲಿಂಗಧಾರಣೆಯಾಗಿತ್ತು. ಆದರೆ ಕೈಯಾಡಿಸುವಷ್ಟು ಬೆಳೆದಂದಿನಿಂದ ಅವನು ಶಿವದಾರವನ್ನು ಕೊರಳಲ್ಲಿ ನಿಲ್ಲಗೊಡಲಿಲ್ಲ. ಉಗುರಿನಿಂದ ಕೆರೆದು ರಕ್ತ ಬರಿಸಿಕೊಳ್ಳುತ್ತಿದ್ದ. ‘ಕೊರಳಾಗ ಲಿಂಗ ಇಲ್ಲದ ಕೂಸು ನಮ್ಮ ಮನ್ಯಾಗ ಹುಟ್ಟಿದ್ದಿಲ್ಲ’ ಎಂದು ಅವ್ವ ಅಳುತ್ತಿದ್ದಳು. ಮಗುವಿಗೆ ಮಾತು ಬಾರದಿರುವುದಕ್ಕಿಂತ ಈ ನೋವು ಅವಳಿಗೆ ದೊಡ್ಡದು. ಹಟಮಾಡಿ ಕಟ್ಟಿದಳು, ಅವನು ಕಿತ್ತೆಸೆದ. ಅಂದು ಮನೆಯಲ್ಲಿ ಯಾರೂ ಯಾರೊಡನೆಯೂ ಮಾತನಾಡಲಿಲ್ಲ. ಇಲ್ಲಿನ ಶಾಲೆಯ ಆಕ್ಯುಪೇಷನಲ್ ಥೆರಪಿಯವರೊಡನೆ ಸಂಕೋಚದಿಂದಲೇ ಈ ವಿಷಯ ಪ್ರಸ್ತಾಪಿಸಿದೆವು. ಅವರು ನಮ್ಮ ಧರ್ಮದವರಲ್ಲ, ನಗದೆ ಕೇಳಿದರು. ಇಂತಹ ಕೆಲ ಮಕ್ಕಳಿಗೆ ಹಗುರವಾದ ಸ್ಪರ್ಶವೇ ಅಸಹನೀಯ, ತೆಳ್ಳನೆಯ ದಾರ ಬೆಂಕಿಯ ಗೆರೆಯಂತೆ ಭಾಸವಾಗಬಹುದು, ಒತ್ತಿ ಹಿಡಿದ ಸ್ಪರ್ಶ ಮಾತ್ರ ಹಿತವಾಗಬಹುದು ಎಂದು ವಿವರಿಸಿದರು. ಅಗಲವಾದ ಮೆತ್ತನೆಯ ಬಟ್ಟೆಯಲ್ಲಿ ಇಟ್ಟು, ಎದೆಗೆ ಬಿಗಿಯಾಗಿ, ಮೊದಲು ಹತ್ತು ಎಣಿಸುವಷ್ಟು ಹೊತ್ತು ಮಾತ್ರ ಕಟ್ಟಿರಿ ಎಂದರು. ಅವ್ವ ಮಾವನವರ ಹಳೆಯ ಧೋತರವನ್ನು ಹರಿದು ನಾಲ್ಕು ಬೆರಳಗಲದ ಪಟ್ಟಿ ಹೊಲಿದಳು. ಹತ್ತರಿಂದ ಇಪ್ಪತ್ತು, ಇಪ್ಪತ್ತರಿಂದ ಐವತ್ತು ಎಣಿಸುತ್ತ ಏಳು ತಿಂಗಳು ಕಳೆದವು. ಈಗ ಬೆಳಗಿನ ಪೂಜೆ ಮುಗಿಯುವವರೆಗೆ ಅವನ ಎದೆಯ ಮೇಲೆ ಇಷ್ಟಲಿಂಗವಿರುತ್ತದೆ, ಅನಂತರ ಬಿಚ್ಚಿ ಜಗುಲಿಯ ಮೇಲಿಡುತ್ತೇವೆ. ಸದಾ ಧರಿಸಬೇಕೆಂಬ ನಿಯಮಕ್ಕೆ ಇದು ಸಲ್ಲುವುದೇ ಎಂದು ಊರಿನ ಹಿರಿಯ ಜಂಗಮರನ್ನು ಕೇಳಿದೆವು. ಅವರು ಬಹಳ ಹೊತ್ತು ಮಗುವನ್ನೇ ನೋಡುತ್ತಿದ್ದು, ಆ ಪಟ್ಟಿಯನ್ನು ಯಾರು ಹೊಲಿದರೆಂದು ಮಾತ್ರ ಕೇಳಿದರು.

ಅಂಗವಿಕಲ ಮಗುವನ್ನು ಕಲಿಕೆಗಾಗಿ ಊರು ಬಿಡಿಸಿ ಒಯ್ಯುವುದು ನಮ್ಮ ಸಮಾಜಕ್ಕೆ ಹೊಸದೇನಲ್ಲ. ನಮ್ಮ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನಲ್ಲಿ 1892ರಲ್ಲಿ ಹುಟ್ಟಿದ ಅಂಧ ಬಾಲಕನನ್ನು ಹಾನಗಲ್ಲ ಕುಮಾರಸ್ವಾಮಿಗಳು ಕೈಹಿಡಿದು ಸಂಗೀತ ಕಲಿಸಿದುದರಿಂದಲೇ ಪಂಚಾಕ್ಷರಿ ಗವಾಯಿಗಳು ನಾಡಿಗೆ ದೊರೆತರು. ಅವರು ಮುಂದೆ ಗದುಗಿನಲ್ಲಿ ನೆಲೆಗೊಳಿಸಿದ ವೀರೇಶ್ವರ ಪುಣ್ಯಾಶ್ರಮ ಅದೇ ತಾಲ್ಲೂಕಿನ ಪುಟ್ಟರಾಜ ಗವಾಯಿಗಳಂತಹ ಅಸಂಖ್ಯ ಮಕ್ಕಳಿಗೆ ಮನೆಯಾಯಿತು. ಸುತ್ತೂರು ಮಠದ ಜೆ.ಎಸ್.ಎಸ್. ವಿದ್ಯಾಪೀಠ ಮೈಸೂರು, ಧಾರವಾಡಗಳಲ್ಲಿ ವಾಕ್ ಶ್ರವಣ ಸಂಸ್ಥೆಗಳನ್ನು ನಡೆಸುತ್ತಿದೆ. ಇಷ್ಟು ಮಾಡಿದ ಸಮಾಜ ಜಿಲ್ಲೆಗೊಂದು ಆಟಿಸಂ ಶಾಲೆಯನ್ನು ಮಾಡಲಾರದೆ? ಕಲ್ಯಾಣಮಂಟಪಗಳನ್ನು ನಾವು ಸಾಕಷ್ಟು ಕಟ್ಟಿದ್ದೇವೆ. ಅವುಗಳಲ್ಲಿ ಒಂದರ ಎರಡು ಕೋಣೆ, ತರಬೇತಿ ಪಡೆದ ಮೂವರು ಶಿಕ್ಷಕರು ಇದ್ದಿದ್ದರೆ ನಾವು ಬ್ಯಾಡಗಿಯನ್ನು ಬಿಡಬೇಕಾಗಿರಲಿಲ್ಲ. ಮಠಾಧೀಶರೂ ದಾನಿಗಳೂ ಇದನ್ನು ದೂರು ಎಂದು ಭಾವಿಸಿದರೂ ಸರಿಯೇ.

ಇದೇ ದಾರಿಯಲ್ಲಿರುವವರಿಗೆ ಕೆಲವು ವಿಷಯಗಳನ್ನು ತಿಳಿಸಬೇಕು. ಆಟಿಸಂ ಅಳೆಯಲು ನಮ್ಮ ದೇಶದಲ್ಲಿಯೇ ಸಿದ್ಧಪಡಿಸಿದ ನಲವತ್ತು ಅಂಶಗಳ ಮಾಪನವಿದೆ. ಅದರ ಆಧಾರದ ಮೇಲೆ ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಗುರುತಿನ ಚೀಟಿ ಮಾಡಿಸಿಕೊಳ್ಳಬೇಕು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ‘ನಿರಾಮಯ’ ಎಂಬ ಆರೋಗ್ಯ ವಿಮೆಯಿದೆ, ಒಂದು ಲಕ್ಷ ರೂಪಾಯಿವರೆಗೆ. ಮಗುವಿಗೆ ಹದಿನೆಂಟು ತುಂಬಿದ ಮೇಲೆ ಪೋಷಕರನ್ನು ನೇಮಿಸುವ ಅಧಿಕಾರ ಜಿಲ್ಲಾಧಿಕಾರಿಗಳ ಸ್ಥಳೀಯ ಸಮಿತಿಗಿದೆ. ಆಸ್ತಿಪಾಲಿನ ವೇಳೆ ಇದು ಮುಖ್ಯ. ಬಂಧುಗಳ ಮನೆಯಲ್ಲಿ ಈ ಮಾತೆತ್ತಲು ಮುಜುಗರವೆನಿಸುತ್ತದೆ, ಆದರೂ ಎತ್ತಿರಿ.

ಇಲ್ಲಿನ ಶರಣ ಬಂಧುಗಳ ಮನೆಗಳಲ್ಲಿ ತಿಂಗಳಿಗೊಮ್ಮೆ ಪ್ರಾರ್ಥನೆ ನಡೆಯುತ್ತದೆ. ಮೊದಲ ಸಲ ಮಗ ಗುಂಯ್‌ಗುಟ್ಟುತ್ತ ಮೈ ತೂಗತೊಡಗಿದಾಗ ಯಾರೋ ಹೊರಗೆ ಕರೆದೊಯ್ಯಿರೆಂದರು. ನಾವು ಎದ್ದೆವು. ಅಕ್ಕನ ಬಳಗದ ಹಿರಿಯರೊಬ್ಬರು, ‘ಕೂತ್ಕೊಳ್ಳಿ ತಾಯಿ, ತಾಳ ತಪ್ಪಿಸ್ತಿಲ್ಲವಲ್ಲ’ ಎಂದು ಪಕ್ಕದಲ್ಲಿ ಜಾಗ ಮಾಡಿದರು. ಅಂದಿನಿಂದ ಬಾಗಿಲ ಬಳಿಯ ಆ ಜಾಗ ಅವನದು.

ಬಂದು ಮೂರು ವರ್ಷ ದಾಟಿತು. ಮಗ ಈಗ ಸುಮಾರು ಅರವತ್ತು ಮಾತುಗಳನ್ನು ಆಡುತ್ತಾನೆ. ವಾಕ್ಯವೆಂದರೆ ಎರಡು ಮಾತು. ಬಚ್ಚಲಿಗೆ ತಾನೇ ಹೋಗುತ್ತಾನೆ. ಲೆಕ್ಕ ನಮಗಿಂತ ಚೆನ್ನಾಗಿ ಬರುತ್ತದೆ. ಕೆಲವು ರಾತ್ರಿಗಳಲ್ಲಿ ಇನ್ನೂ ಕಾರಣವಿಲ್ಲದೆ ಎರಡು ಗಂಟೆ ಅಳುತ್ತಾನೆ. ಮೈದುನ ಊರಿಗೆ ಮರಳಿರೆಂದು ಪತ್ರ ಬರೆದಿದ್ದಾನೆ, ಅಂಗಡಿಗೆ ಆಳು ಸಾಲದಂತೆ. ಅವ್ವನ ಮೊಣಕಾಲೂ ಇಲ್ಲಿನ ಮೆಟ್ಟಿಲುಗಳಿಗೆ ಒಗ್ಗಿಲ್ಲ. ಶಿಕ್ಷಕಿಯವರು ಇನ್ನೂ ಎರಡು ವರ್ಷ ಬೇಕೆನ್ನುತ್ತಾರೆ. ಈ ಸಲ ಮಗಳನ್ನು ಕೇಳಿದೆವು. ತನ್ನ ಪರೀಕ್ಷೆ ಮುಗಿಯುವವರೆಗೆ ಇರೋಣ, ಆಮೇಲೆ ಮತ್ತೆ ಕೇಳಿರಿ ಎಂದಿದ್ದಾಳೆ. ಮನೆಯೊಡೆಯರಿಗೆ ಕರಾರು ಮುಂದುವರಿಸುವುದಾಗಿ ತಿಳಿಸಿದ್ದೇವೆ. ದೀಪಾವಳಿಗೆ ಬ್ಯಾಡಗಿಗೆ ಹೋಗಲು ಯಶವಂತಪುರದಿಂದ ರೈಲು ಕಾದಿರಿಸಿದೆ. ದಾರಿಯ ನಿಲ್ದಾಣಗಳ ಪಟ್ಟಿಯನ್ನು ಮಗ ಈಗಾಗಲೇ ಬರೆದಿಟ್ಟುಕೊಂಡಿದ್ದಾನೆ, ಪೆನ್ಸಿಲು ಅವ್ವನ ಸಂಚಿಯಲ್ಲಿದೆ.